ಕೊಡೆ ಕಾರ್ಖಾನೆಯ ಅನ್ನ

ಆ ದಿನ ಬೆಳಿಗ್ಗೆ ನಾನು ಒರಳಲ್ಲಿ ಚಟ್ನಿ ರುಬ್ಬುತ್ತಿದ್ದೆ. ಒಲೆಯ ಮೇಲೆ ಅನ್ನದ ತಪ್ಪಲೆ, ಅದರ ಮುಚ್ಚಳದ ಮೇಲೆ ಎಂದಿನಂತೆ ಗುಂಡುಕಲ್ಲು. ಅನ್ನ ಕುದಿ ಬರುವ ಹೊತ್ತಿಗೆ ಸರಿಯಾಗಿ ರುಬ್ಬುವ ಸದ್ದು ಜೋರು ಮಾಡುವುದು ನಮ್ಮೂರಿನ ಹೆಂಗಸರಿಗೆಲ್ಲ ಅಭ್ಯಾಸ. ಆದರೆ ಅಂದು ಕಾಯಿಚೂರೊಂದು ಗುಂಡಿನ ಅಡಿಯಿಂದ ಹಾರಿ ನೆಲಕ್ಕೆ ಬಿತ್ತು. ಅದನ್ನು ಹೆಕ್ಕಿಕೊಳ್ಳಲು ಕೈ ನಿಲ್ಲಿಸಿದೆ. ಅಷ್ಟು ಹೊತ್ತೇ ಸಾಕಾಯಿತು. ಮುಚ್ಚಳ ಅಲುಗಿತು, ಆವಿ ಹೊರಟಿತು, ಆವಿಯ ಜೊತೆಗೆ ನನ್ನ ಹಿರಿಯ ಮಗಳು ಮಂಜರಿಯ ದನಿ ಬಂತು.

“ಕೈ ತೆಗೀರಿ.”

ಮಂಜರಿ ಅಲ್ಲೇ ಕನ್ನಡಿಯ ಮುಂದೆ ಜಡೆ ಹೆಣೆದುಕೊಳ್ಳುತ್ತಿದ್ದಳು. ಅವಳ ಬೆರಳುಗಳು ಒಂದು ಗಳಿಗೆ ನಿಂತು ಮತ್ತೆ ಹೆಣೆಯತೊಡಗಿದವು. ಅದರ ಬೆನ್ನಿಗೇ ತಪ್ಪಲೆಯಿಂದ ಅವಳ ಅಪ್ಪನ ದನಿ ಕೇಳಿಸಿತು, “ಸಾರಿಗೆ ಉಪ್ಪು ಜಾಸ್ತಿ.” ಮದುವೆಯಾದ ವರ್ಷದಿಂದ ನಮ್ಮ ಮನೆಯ ಅನ್ನ ದಿನವೂ ಹೇಳುವ ಮಾತು ಅದು. ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದೆವು. ಅಂದು ನಗು ಬರಲಿಲ್ಲ. ಹೊಸ್ತಿಲ ಮೇಲೆ ಕುಳಿತಿದ್ದ ಚಿಕ್ಕವಳು ತುಳಸಿ ನನ್ನ ಮುಖ ನೋಡಿ ಬಾಯಿ ತೆರೆದಳು. ಮುಂದಿನ ಹಲ್ಲು ಬಿದ್ದಿರುವ ಪುಟ್ಟ ಬಾಯಿ. ನಾನು ಕಣ್ಣಲ್ಲೇ ಬೇಡ ಎಂದೆ. ಅವಳು ಬಾಯಿ ಮುಚ್ಚಿಕೊಂಡಳು.

ನಮ್ಮೂರಿನ ಮರ್ಯಾದೆ ಅದು. ಅನ್ನ ಆಡಿದ್ದರ ಬಗ್ಗೆ ಯಾರೂ ಪ್ರಶ್ನೆ ಕೇಳಬಾರದು. ಬಾಯಿಗೆ ಬಂದ ಮಾತನ್ನು ಯಾರಾದರೂ ನುಂಗಿಕೊಂಡರೆ ಅದು ಮರುದಿನ ಅವರ ಪಾಲಿನ ಅಕ್ಕಿ ಬೇಯುವಾಗ ಅವರದೇ ದನಿಯಲ್ಲಿ ಹೊರಗೆ ಬರುತ್ತದೆ. ಯಾರಿಗೆ ಹೇಳಬೇಕೋ ಅವರ ಮುಂದೆ ಹೇಳುವವರೆಗೂ ದಿನ ದಿನ ಬರುತ್ತಲೇ ಇರುತ್ತದೆ. ಹಾಲುಹಲ್ಲು ಪೂರ್ತಿ ಬೀಳದ ಮಕ್ಕಳ ಮಾತು ಮಾತ್ರ ಬರುವುದಿಲ್ಲ. ಹಾಗಾಗಿ ತುಳಸಿಯ ಬಾಯಿಯಲ್ಲಿ ಅಂದು ನಿಂತುಹೋದದ್ದು ಏನು ಅಂತ ನನಗೆ ತಿಳಿಯಲಿಲ್ಲ. ಮರುದಿನವೂ ಅನ್ನ ಅದೇ ಮಾತು ಹೇಳಿತು, ಅದರ ಮರುದಿನವೂ ಹೇಳಿತು. ಪ್ರತಿ ಸಲ ಅವಳು ಬಾಯಿ ತೆರೆಯುವುದು, ನನ್ನ ಕಣ್ಣು ನೋಡುವುದು, ಮುಚ್ಚಿಕೊಳ್ಳುವುದು.

ಇಂಥ ಊರಿನಲ್ಲಿ ಬದುಕುವುದು ಕಷ್ಟವಲ್ಲವೇ ಅಂತ ನೆಂಟರು ಕೇಳುತ್ತಾರೆ. ನಮಗೆ ರೂಢಿಯಾಗಿದೆ. ಒಬ್ಬರು ಚಟ್ನಿ ರುಬ್ಬುತ್ತಾರೆ, ಇನ್ನೊಬ್ಬರು ರೇಡಿಯೋ ಜೋರು ಮಾಡುತ್ತಾರೆ, ಮೇಲಿನ ಬೀದಿಯ ಜಗಳಗಂಟ ಅಣ್ಣತಮ್ಮಂದಿರು ಅಷ್ಟು ಹೊತ್ತು ಮನೆಯ ಹೊರಗೆ ಹೋಗಿ ನಿಲ್ಲುತ್ತಾರೆ. ಹೆಣ್ಣು ನೋಡಲು ಬರುವವರು ಬೇಕೆಂದೇ ಅನ್ನ ಕುದಿಯುವ ಹೊತ್ತಿಗೆ ಬರುತ್ತಾರೆ. ಹೆಣ್ಣಿನ ಮನೆಯವರು ಆ ವಾರವೆಲ್ಲ ರೊಟ್ಟಿ ತಟ್ಟುತ್ತಾರೆ. ಒಮ್ಮೆ ಒಬ್ಬ ಹೊಸ ಸೊಸೆ ತವರಿನಿಂದ ಕುಕ್ಕರ್ ತಂದಿದ್ದಳು. ಬಿಗಿಯಾದ ಮುಚ್ಚಳವಿದ್ದರೆ ಮಾತು ಒಳಗೇ ಇರುತ್ತದೆ ಎಂದುಕೊಂಡಿದ್ದಳು ಪಾಪ. ಅತ್ತೆಯ ಬಗ್ಗೆ ಅವಳು ನುಂಗಿದ್ದೆಲ್ಲ ಸೀಟಿಯಾಗಿ ಹೊರಟು ಮೂರನೆಯ ಬೀದಿಯವರೆಗೆ ಕೇಳಿಸಿತು. ಆಮೇಲೆ ಆ ಕುಕ್ಕರಿನಲ್ಲಿ ಬಟ್ಟೆ ನೆನೆಸಿಡುತ್ತಿದ್ದರು.

ಇನ್ನೊಂದು ರೂಢಿಯೂ ಇತ್ತು. ಯಾರ ಮನೆಯ ಅನ್ನ ಮಾತಾಡದೆ ಬೇಯುತ್ತದೋ ಅವರು ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದ ಶುದ್ಧ ಜನ ಅಂತ ನಾವು ನಂಬಿದ್ದೆವು. ಅಂಥವರನ್ನು ಮದುವೆ ಮಾತುಕತೆಗೆ ಮುಂದೆ ಕೂರಿಸುತ್ತಿದ್ದೆವು, ಪಂಚಾಯಿತಿಗೆ ಕರೆಯುತ್ತಿದ್ದೆವು. ಕೊಡೆ ಕಾರ್ಖಾನೆಯ ಮೇಸ್ತ್ರಿ ರಂಗಧಾಮ ಅಂಥ ಮನುಷ್ಯ. ಒಂಟಿಯಾಗಿದ್ದ, ತಾನೇ ಅಡುಗೆ ಮಾಡಿಕೊಳ್ಳುತ್ತಿದ್ದ, ಬಾಗಿಲು ಕಿಟಕಿ ಎರಡನ್ನೂ ತೆರೆದಿಟ್ಟುಕೊಂಡೇ ಅನ್ನಕ್ಕಿಡುತ್ತಿದ್ದ. ಹೋಗುವವರು ಬರುವವರು ಬೇಕಾದರೆ ನಿಂತು ಕೇಳಲಿ ಅಂತ. ತಪ್ಪಲೆಯಿಂದ ಬರೀ ಕೊತಕೊತ ಸದ್ದು, ಬೇರೇನೂ ಇಲ್ಲ. ಇಂಥ ದೇವರಂಥ ಮನುಷ್ಯನನ್ನು ಬಿಟ್ಟು ಹೆಂಡತಿ ತವರಿಗೆ ಹೋದಳಲ್ಲ ಅಂತ ನಾವೇ ಅವಳನ್ನು ಆಡಿಕೊಂಡಿದ್ದುಂಟು. ಕಾರ್ಖಾನೆಯ ಯಜಮಾನತಿ ಕಾತ್ಯಾಯಿನಮ್ಮ ಅವನನ್ನು ಮೇಸ್ತ್ರಿ ಮಾಡಿದ್ದೂ ಆ ಅನ್ನ ನೋಡಿಯೇ.

ಮಂಜರಿ ಆ ಕಾರ್ಖಾನೆಗೆ ಹೋಗಲು ಶುರು ಮಾಡಿದ ದಿನಗಳು ನಮ್ಮ ಮನೆಗೆ ಹಬ್ಬವಿದ್ದಂತೆ. ಅವಳದು ಬಟ್ಟೆ ಕತ್ತರಿಸುವ ಕೆಲಸ. ಕೊಡೆಯ ಬಟ್ಟೆಯನ್ನು ಎಲೆಯಂಥ ತುಂಡುಗಳಾಗಿ ಕತ್ತರಿಸಿ ಹೊಲಿಯುತ್ತಾರೆ. ತುಂಡಿನ ಅಂಚು ನೂಲಿನಷ್ಟು ಹೆಚ್ಚುಕಮ್ಮಿಯಾದರೂ ಕೊಡೆ ಬಿಚ್ಚಿದಾಗ ಎಲ್ಲೋ ಒಂದು ಕಡೆ ಜೋತುಬೀಳುತ್ತದೆ. ಮಂಜರಿ ಕತ್ತರಿಸಿದ ಕೊಡೆ ಬಿಚ್ಚಿದರೆ ತಮಟೆಯ ಹಾಗೆ ಬಿಗಿಯಾಗಿರುತ್ತಿತ್ತು. ಸಂಜೆ ಮನೆಗೆ ಬಂದವಳು ಮಿಕ್ಕ ಚೂರುಬಟ್ಟೆಯಿಂದ ತುಳಸಿಯ ಬೊಂಬೆಗೆ ಕೊಡೆ ಮಾಡಿಕೊಡುತ್ತಿದ್ದಳು. ಕಿಟಕಿಯ ಪಕ್ಕದ ಮೇಜು ತನ್ನದು, ಅಲ್ಲಿಂದ ಅಂಗಳದಲ್ಲಿ ಒಣಗಲು ಬಿಚ್ಚಿಟ್ಟ ಬಣ್ಣ ಬಣ್ಣದ ಕೊಡೆಗಳು ಕಾಣುತ್ತವೆ ಅಂತ ಹೇಳಿ ಹೇಳಿ ಅವಳಿಗೆ ಸಾಕಾಗುತ್ತಿರಲಿಲ್ಲ. ಕೆಲಸ ಮಾಡುತ್ತಾ ಹಾಡುತ್ತಾಳಂತೆ. ಅವಳಿಗೆ ಶ್ರುತಿ ಅನ್ನುವುದು ಹತ್ತಿರವೂ ಸುಳಿಯುವುದಿಲ್ಲ. ಆದರೂ ಹಾಡುತ್ತಾಳೆ.

ಈಗ ಕೆಲವು ದಿನಗಳಿಂದ ಆ ಮೇಜಿನ ಸುದ್ದಿ ಇರಲಿಲ್ಲ. ಬಂದವಳೇ ಕೈಕಾಲು ತೊಳೆದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಅವಳ ಸೆರಗು, ರವಿಕೆ, ಎಲ್ಲಕ್ಕೂ ಪಿನ್ನು ಹೆಚ್ಚಾಗಿದ್ದವು. ಅದನ್ನು ನಾನು ಒಗೆಯುವಾಗ ಗಮನಿಸಿದೆ.

ಕೇಳುವ ಹಾಗಿಲ್ಲ. ಆದರೆ ಹೇಳಲು ಜಾಗ ಮಾಡಿಕೊಡಬಾರದು ಅಂತ ಯಾವ ಮರ್ಯಾದೆಯೂ ಹೇಳಿಲ್ಲವಲ್ಲ. ರಜೆಯ ದಿನ ಮಧ್ಯಾಹ್ನ ಅವಳನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದೆ. ತುಳಸಿಯನ್ನು ಅವಳಪ್ಪನ ಜೊತೆ ಸೈಕಲ್ಲಿನಲ್ಲಿ ಕಳಿಸಿದ್ದೆ. ನಾನು ಒಂದು ಮಾತೂ ಆಡಲಿಲ್ಲ. ಎಣ್ಣೆ ಬಟ್ಟಲು ಖಾಲಿಯಾಯಿತು, ಎದ್ದು ಹೋಗಿ ಮತ್ತೆ ತುಂಬಿಕೊಂಡು ಬಂದೆ. ಎರಡನೆಯ ಬಟ್ಟಲೂ ಅರ್ಧವಾದಾಗ ಅವಳು ಬಾಯಿಬಿಟ್ಟಳು. ನನಗೆ ಬೆನ್ನು ಮಾಡಿ ಕೂತಿದ್ದರಿಂದ ಅವಳಿಗೆ ಸುಲಭವಾಯಿತು ಅಂತ ಕಾಣುತ್ತದೆ.

ಮೊದಲು ಮೇಸ್ತ್ರಿ ಅವಳ ಕೆಲಸವನ್ನು ಹೊಗಳುತ್ತಿದ್ದನಂತೆ. ಎಲ್ಲರ ಮುಂದೆ ಅವಳ ಕೊಡೆ ಬಿಚ್ಚಿ ತೋರಿಸುತ್ತಿದ್ದನಂತೆ. ಆಮೇಲೆ ಕತ್ತರಿ ಹಿಡಿಯುವುದು ಹೀಗಲ್ಲ ಅಂತ ಹಿಂದೆ ಬಂದು ನಿಂತು ಅವಳ ಕೈ ಮೇಲೆ ಕೈ ಇಟ್ಟ. ಅವಳು ಪಕ್ಕಕ್ಕೆ ಸರಿದಳು, ಅವನೂ ಸರಿದ. ನನಗೆ ಬರುತ್ತದೆ ಬಿಡಿ ಮೇಸ್ತ್ರಿ ಅಂದಳು. ಅವನು ದೊಡ್ಡದಾಗಿ ನಕ್ಕು, ಮಗಳಂಥವಳು, ಅದಕ್ಕೇನಂತೆ ಅಂದ. ಮರುದಿನದಿಂದ ಅವಳಿಗೊಂದು ಹೆಸರು ಇಟ್ಟ. ಮುಟ್ಟಿದರೆ ಮುನಿ. ಏ ಮುಟ್ಟಿದರೆ ಮುನಿ, ಆ ನೂಲು ಕೊಡು. ಏ ಮುಟ್ಟಿದರೆ ಮುನಿ, ಟೀ ಕುಡಿದೆಯಾ. ಕೇಳಿದವರು ನಕ್ಕರು. ಅವಳ ಗೆಳತಿ ಸಾವಂತ್ರಿಯೂ ನಕ್ಕಳು. ಅವಳೂ ನಕ್ಕಳಂತೆ, ನಗದೆ ಇದ್ದರೆ ಇನ್ನೂ ನಗುತ್ತಾರೆ ಅಂತ. ಆಮೇಲೆ ಕಿಟಕಿಯ ಮೇಜು ಬೇರೆಯವರಿಗೆ ಹೋಯಿತು, ಅವಳನ್ನು ಕಡ್ಡಿ ಜೋಡಿಸಿಡುವ ಕತ್ತಲೆ ಕೋಣೆಗೆ ಹಾಕಿದರು. ಆ ಕೋಣೆಯ ಬಾಗಿಲಿಗೆ ಅಡ್ಡ ನಿಂತು ಅವನು ಲೆಕ್ಕ ಕೇಳುತ್ತಾನೆ. ಹೊರಗೆ ಬರಬೇಕಾದರೆ ಅವನ ಮೈಗೆ ಮೈ ತಾಗಿಸಿಕೊಂಡೇ ಬರಬೇಕು.

“ಒಂದೊಂದೇ ಹೇಳಿದ್ರೆ ಏನೂ ಅಲ್ಲ ಅನ್ಸುತ್ತೆ ಅಮ್ಮ,” ಅಂದಳು. “ಕೈ ಮುಟ್ಟಿದ್ರು ಅನ್ಲಾ? ಹೆಸರಿಟ್ರು ಅನ್ಲಾ? ಕೇಳಿದವರು ಅಷ್ಟೇನಾ ಅಂತಾರೆ. ಎಲ್ಲಾ ಸೇರಿ ಬೆಳಿಗ್ಗೆ ಎದ್ರೆ ಆ ಕಡೆ ಕಾಲೇ ಬರಲ್ಲ. ನಾನು ಬಿಟ್ಬಿಡ್ತೀನಿ ಆ ಕೆಲಸ.”

ನನ್ನ ಕೈ ಅವಳ ತಲೆಯ ಮೇಲೆ ಹಾಗೇ ಇತ್ತು. ಸೌದೆ ಸೀಳುವ ಕೊಡಲಿ ಎಲ್ಲಿದೆ ಅಂತ ಮನಸ್ಸು ಒಂದು ಸುತ್ತು ಹುಡುಕಿಕೊಂಡು ಬಂತು. ನಾಳೆ ನಾನೇ ಬರುತ್ತೇನೆ, ಯಜಮಾನತಿಯ ಮುಂದೆ ಅವನ ನೀರಿಳಿಸುತ್ತೇನೆ ಅಂದೆ. ಅವಳು ತಿರುಗಿ ನನ್ನ ಮೊಣಕಾಲು ಹಿಡಿದುಕೊಂಡಳು.

“ನೀನು ಬಂದ್ರೆ ಅದು ನಿನ್ನ ಜಗಳ ಆಗುತ್ತೆ. ನಾನು ಅಮ್ಮನ್ನ ಕರ್ಕೊಂಡು ಬಂದ ಮಗು ಆಗ್ತೀನಿ.”

“ಮತ್ತೆ ನಾನೇನು ಮಾಡ್ಲಿ?”

“ಈಗ ಮಾಡಿದ್ಯಲ್ಲ, ಅದೇ. ಅಷ್ಟೇನಾ ಅಂತ ಕೇಳ್ಲಿಲ್ಲ ನೀನು.”

ಸಂಜೆ ಅವಳೇ ಅಪ್ಪನಿಗೂ ಹೇಳಿದಳು. ಅವರು ಸೈಕಲ್ಲಿನ ಚೈನನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತಾ ಕೇಳಿಸಿಕೊಂಡರು, ಹೊಳೆಯುತ್ತಿದ್ದ ಚೈನನ್ನೇ ಮತ್ತೆ ಮತ್ತೆ ಒರೆಸಿದರು. ಕೊನೆಗೆ, ಆ ಮನುಷ್ಯನ ಮನೆಯ ಅನ್ನ ಯಾವತ್ತೂ ಒಂದು ಮಾತೂ ಆಡಿಲ್ಲ, ನಮ್ಮ ಮಾತನ್ನು ಯಾರು ನಂಬುತ್ತಾರೆ ಅಂದರು. ಪಾತ್ರೆ ಒರೆಸುತ್ತಿದ್ದ ನನಗೂ ಅದೇ ಚಿಂತೆ.

ಮಂಜರಿ ತುಂಬಾ ಸಹಜವಾಗಿ ಹೇಳಿದಳು, “ಅವರ ಅನ್ನ ಯಾಕೆ ಮಾತಾಡುತ್ತಪ್ಪ? ನುಂಗಿದ್ರೆ ತಾನೆ ಮಾತಾಡೋಕೆ. ಅವರು ಬಾಯಿಗೆ ಬಂದಿದ್ದು ಅಂತಾರೆ, ಕೈಗೆ ಬಂದಿದ್ದು ಮುಟ್ತಾರೆ. ನುಂಗೋರು ನಾವು.”

ಒರೆಸುತ್ತಿದ್ದ ತಟ್ಟೆಯನ್ನು ನಾನು ಕೆಳಗಿಟ್ಟೆ. ನಮ್ಮ ಅಜ್ಜಿಯರ ಕಾಲದಿಂದ ಊರಿಗೆ ಊರೇ ನಿಶ್ಶಬ್ದವಾದ ತಪ್ಪಲೆಗೆ ಕೈ ಮುಗಿದುಕೊಂಡು ಬಂದಿದೆ. ಅದು ಯಾಕೆ ನಿಶ್ಶಬ್ದ ಅಂತ ಒಬ್ಬರೂ ಯೋಚಿಸಿರಲಿಲ್ಲ.

ಆ ರಾತ್ರಿ ಮಲಗುವ ಮೊದಲು ಅವಳನ್ನು ಕೇಳಿದೆ, ನಾಳೆ ಮುಚ್ಚಳದ ಮೇಲೆ ಕಲ್ಲು ಇಡುವುದು ಬೇಡವಾ ಅಂತ. ಕಿಟಕಿ ತೆರೆಯಲಾ ಅಂತ. ನಿನ್ನ ಮಾತು, ನೀನು ಹೇಳಿದರೆ ಮಾತ್ರ ಅಂದೆ. ಅವಳು ಚಾಪೆ ಬಿಡಿಸಿ ಹಾಸಿ, ತೆಗಿ ಅಮ್ಮ ಅಂದಳು.

ಮರುದಿನ ಅನ್ನ ಬಸಿದ ಮೇಲೆ ಚಟ್ನಿ ರುಬ್ಬಿದೆ. “ಕೈ ತೆಗೀರಿ” ಅನ್ನುವುದು ಕಿಟಕಿಯಿಂದ ಹೊರಟು ಗೋಡೆ ದಾಟಿ ಪಕ್ಕದ ಗೌರಕ್ಕನ ಅಂಗಳಕ್ಕೆ ಹೋಯಿತು. ಗೌರಕ್ಕ ಅದೇ ಕಾರ್ಖಾನೆಯಲ್ಲಿ ಕೊಡೆಗೆ ಹಿಡಿ ಕೂರಿಸುವವಳು, ಮಂಜರಿಗಿಂತ ಎಷ್ಟೋ ದೊಡ್ಡವಳು, ಮೊಮ್ಮಗಳನ್ನು ಕಂಡವಳು. ಅವಳ ಮನೆಯ ರೇಡಿಯೋಕ್ಕೆ ಬೀದಿಯ ನಾಯಿಗಳೂ ಹೆದರುತ್ತವೆ. ಆ ದಿನ ಸಂಜೆ ಗೋಡೆಯ ಆಚೆಯಿಂದ ತಲೆ ಎತ್ತಿ, “ಏನವ್ವ, ಚಟ್ನಿ ಬಿಟ್ಬಿಟ್ರಾ ನಿಮ್ಮನೇಲಿ?” ಅಂದಳು. ಮಾಡುತ್ತೇವೆ ಅಕ್ಕ, ಅನ್ನ ಆದಮೇಲೆ ಅಂದೆ. ಅವಳು ಏನೋ ಹೇಳಲು ಹೋಗಿ ಹಾಗೇ ಒಳಗೆ ನಡೆದಳು.

ಮರುದಿನ ಬೆಳಿಗ್ಗೆ ಅವಳ ರೇಡಿಯೋ ಹಾಡಲಿಲ್ಲ. ನಾನು ನಮ್ಮ ಒಲೆಯ ಮುಂದೆ ನಿಂತಿದ್ದೆ. ಗೋಡೆಯ ಆಚೆ ಮುಚ್ಚಳ ಕುಣಿಯುವ ಸದ್ದು, ಆಮೇಲೆ ಗೌರಕ್ಕನ ಒರಟು ದನಿ, “ದಾರಿ ಬಿಡಿ ಮೇಸ್ತ್ರಿ.” ನಮ್ಮ ಮನೆಯ ಅನ್ನ ಅದಕ್ಕೆ ಉತ್ತರ ಕೊಟ್ಟಂತೆ, “ಕೈ ತೆಗೀರಿ” ಅಂದಿತು. ಕನ್ನಡಿಯ ಮುಂದೆ ನಿಂತಿದ್ದ ಮಂಜರಿ ಜಡೆ ಬಿಟ್ಟು ಕಿಟಕಿಗೆ ಓಡಿದಳು. ಆಚೆ ಗೌರಕ್ಕ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು, ಆಮೇಲೆ ಇಬ್ಬರಿಗೂ ತಡೆಯಲಾರದ ನಗು ಬಂತು. ಬಹಳ ದಿನಗಳ ಮೇಲೆ ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ನಗುವುದನ್ನು ಕಂಡೆ. ನಗುವಂಥದ್ದು ಏನಿತ್ತು ಅಂತ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ತಾನೊಬ್ಬಳೇ ಅಲ್ಲ ಅನ್ನುವುದು ಹೀಗೂ ನಗಿಸುತ್ತದೆ.

ಆಮೇಲೆ ಬೀದಿ ಬೆಳಗಿನ ಹೊತ್ತಿನಲ್ಲಿ ಒಂದೊಂದಾಗಿ ಸದ್ದು ನಿಲ್ಲಿಸತೊಡಗಿತು. ಇವತ್ತು ಒಂದು ಮನೆಯ ಒರಳು, ನಾಳೆ ಇನ್ನೊಂದು ಮನೆಯ ರೇಡಿಯೋ. ಅನ್ನಗಳು ಕಿಟಕಿಯಿಂದ ಕಿಟಕಿಗೆ ಮಾತಾಡಿಕೊಂಡವು. “ಈ ಜೋಕು ನನಗೆ ಹಿಡಿಸಲ್ಲ” ಅಂತ ಒಂದು ಮನೆಯಿಂದ. “ನನಗೆ ಹೆಸರಿದೆ” ಅಂತ ಇನ್ನೊಂದು ಮನೆಯಿಂದ. ಮೂಲೆಮನೆಯ ಸಾವಂತ್ರಿಯ ತಪ್ಪಲೆ, “ಮಂಜರಿ, ನಾನು ನಗಬಾರದಿತ್ತು” ಅಂದಿತು. ಅದನ್ನು ಕೇಳಿ ಮಂಜರಿ ಚಪ್ಪಲಿಯನ್ನೂ ಹಾಕಿಕೊಳ್ಳದೆ ಅವಳ ಮನೆಗೆ ಹೋದಳು, ಆ ದಿನ ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದು ಜೊತೆಗೇ ಕೆಲಸಕ್ಕೆ ಹೊರಟರು. ಮಂಜರಿ ಕೆಲಸ ಬಿಡುವ ಮಾತನ್ನು ಸದ್ಯಕ್ಕೆ ಬದಿಗಿಟ್ಟಿದ್ದಳು. ಹಾಗಂತ ಕಾರ್ಖಾನೆಯ ಒಳಗೆ ಏನೂ ಬದಲಾಗಿರಲಿಲ್ಲ. ಕತ್ತಲೆ ಕೋಣೆ ಹಾಗೇ ಇತ್ತು, ಬಾಗಿಲಲ್ಲಿ ಅವನು ಹಾಗೇ ನಿಲ್ಲುತ್ತಿದ್ದ. ಮಳೆಗಾಲದವರೆಗೆ ನೋಡುತ್ತೇನೆ, ಆಮೇಲೆ ಆಗುವುದಿಲ್ಲ ಅಂತ ಅವಳು ನನಗೆ ಹೇಳಿಬಿಟ್ಟಿದ್ದಳು.

ಯಜಮಾನತಿಗೆ ಇದನ್ನು ಮುಟ್ಟಿಸುವುದು ಹೇಗೆ ಅನ್ನುವುದೇ ದೊಡ್ಡ ತೊಡಕು. ಕಾತ್ಯಾಯಿನಮ್ಮ ಕೆಟ್ಟವರಲ್ಲ. ಆದರೆ ಅವರಿಗೆ ಸಕ್ಕರೆ ಕಾಯಿಲೆ, ಡಾಕ್ಟರು ಅನ್ನ ಬಿಡಿಸಿ ಚಪಾತಿಗೆ ಹಾಕಿದ್ದರು. ಅವರ ಮನೆಯಲ್ಲಿ ಅನ್ನಕ್ಕಿಟ್ಟು ಎಷ್ಟೋ ವರ್ಷ ಆಗಿತ್ತು. ಮಾತು ಕುದಿಯುವುದು ಹೇಗಿರುತ್ತದೆ ಅನ್ನುವುದೇ ಅವರಿಗೆ ಮರೆತುಹೋಗಿತ್ತು. ಕಾರ್ಖಾನೆಯಲ್ಲಿ ಅಡುಗೆಯಿಲ್ಲ, ಎಲ್ಲರೂ ಮನೆಯಿಂದ ಬುತ್ತಿ ತರುತ್ತಿದ್ದರು. ಕೆಲಸದ ಜಾಗದಲ್ಲಿ ನುಂಗಿದ್ದನ್ನೆಲ್ಲ ಮನೆಗೆ ಹೊತ್ತುಕೊಂಡು ಹೋಗಿ ಒಲೆಯ ಮುಂದೆ ಬಿಚ್ಚುವುದು, ಮರುದಿನ ಖಾಲಿ ಮುಖ ಹೊತ್ತು ಬರುವುದು. ಇದನ್ನು ಮೊದಲು ಗಮನಿಸಿದವಳು ಮಂಜರಿ. ಅಲ್ಲಿ ನುಂಗಿದ್ದು ಅಲ್ಲೇ ಬೇಯಲಿ ಅಮ್ಮ ಅಂದಳು.

ಮಳೆಗಾಲಕ್ಕೆ ಮುಂಚೆ ಕೊಡೆಗಳೆಲ್ಲ ಮಾರಾಟಕ್ಕೆ ಹೊರಡುವ ದಿನ ಕಾರ್ಖಾನೆಯಲ್ಲಿ ಊಟ ಹಾಕಿಸುವುದು ವಾಡಿಕೆ. ಹೋಟೆಲಿನಿಂದ ತರಿಸುತ್ತಿದ್ದರು. ಈ ಸಲ ಗೌರಕ್ಕ ಹೋಗಿ, ಹೋದ ವರ್ಷ ಆ ಹೋಟೆಲಿನ ಊಟ ತಿಂದು ಅರ್ಧ ಜನ ಹೊಟ್ಟೆ ಹಿಡಿದುಕೊಂಡು ಮಲಗಿದ್ದನ್ನು ಯಜಮಾನತಿಗೆ ನೆನಪು ಮಾಡಿದಳು. ನಾವೇ ಅಂಗಳದಲ್ಲಿ ಮಾಡುತ್ತೇವೆ, ಮಂಜರಿಯ ಅಮ್ಮನ ಕೈ ಅಡುಗೆ ಅಂದಳು. ಬೀದಿಯ ಹೆಸರಿಡುವ ಶಾಸ್ತ್ರಗಳಿಗೆಲ್ಲ ನಾನೇ ಅಡುಗೆ ಮಾಡುವವಳು. ಕಾತ್ಯಾಯಿನಮ್ಮ ಒಂದು ಗಳಿಗೆ ಯೋಚಿಸಿದರಂತೆ, ಎಲ್ಲರ ಅನ್ನ ಒಟ್ಟಿಗಾ ಅಂದರಂತೆ. ಆಗ ಪಕ್ಕದಲ್ಲಿದ್ದ ಮೇಸ್ತ್ರಿಯೇ, ಮಾಡಲಿ ಬಿಡಿ ಅಮ್ಮೋರೇ, ನಮ್ಮಲ್ಲಿ ಮುಚ್ಚಿಡುವಂಥದ್ದು ಏನಿದೆ ಅಂದ. ಅವನಿಗೆ ತನ್ನ ತಪ್ಪಲೆಯ ಮೇಲೆ ಅಷ್ಟು ಭರವಸೆ.

ಅಂದು ಬೆಳಿಗ್ಗೆ ನಾನು ತುಳಸಿಯನ್ನೂ ಕರೆದುಕೊಂಡು ಹೋದೆ. ಅಂಗಳದ ಸುತ್ತ ಕೊಡೆಗಳನ್ನು ಬಿಚ್ಚಿ ತೋರಣದ ಹಾಗೆ ಕಟ್ಟಿದ್ದರು. ಹಳದಿ, ನೇರಳೆ, ಗಿಳಿಹಸಿರು. ಕೆಳಗೆ ನೆರಳೂ ಬಣ್ಣ ಬಣ್ಣದ್ದೇ. ತುಳಸಿ ಒಂದು ಬಣ್ಣದಿಂದ ಇನ್ನೊಂದಕ್ಕೆ ಹಾರುತ್ತಾ, ಈಗ ನಾನು ಕೆಂಪು, ಈಗ ನಾನು ನೀಲಿ ಅಂತ ಕೂಗುತ್ತಿದ್ದಳು. ನಡುವೆ ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಕೊಪ್ಪರಿಗೆ. ಅಕ್ಕಿಯನ್ನು ನಾನು ಅಳೆಯಲಿಲ್ಲ. ಯಾರಿಗೆ ಮನಸ್ಸಿದೆಯೋ ಅವರು ತಮ್ಮ ಕೈಯಿಂದ ಒಂದು ಹಿಡಿ ಹಾಕಲಿ, ಮನಸ್ಸಿಲ್ಲದವರಿಗೆ ಬೇರೆ ಪಾತ್ರೆಯಲ್ಲಿ ಚಿತ್ರಾನ್ನಕ್ಕೆ ಅವಲಕ್ಕಿ ನೆನೆಸಿದ್ದೇನೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ ಅಂತ ಮಂಜರಿ ಮೊದಲೇ ಎಲ್ಲರಿಗೂ ಹೇಳಿದ್ದಳು. ಕೆಲವರು ಅವಲಕ್ಕಿಯ ಕಡೆಗೇ ಹೋಗಿ ಕುಳಿತರು. ಅದೂ ಸರಿಯೇ.

ಅವಲಕ್ಕಿಗೆ ಚಿತ್ರಾನ್ನ ಅನ್ನುತ್ತಾರೇನೇ ಅಂತ ಗೌರಕ್ಕ ಮಂಜರಿಯನ್ನು ರೇಗಿಸಿ ಮೊದಲ ಹಿಡಿ ಹಾಕಿದಳು. ಸಾವಂತ್ರಿ ಹಾಕಿದಳು. ಹೊಲಿಗೆ ಯಂತ್ರದ ಈರಣ್ಣ ಅಕ್ಕಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಅವನಿಗೆ ಮಾತು ತಡವರಿಸುತ್ತದೆ. ಅವನು ಬಾಯಿ ತೆರೆದರೆ ಸಾಕು ಮೇಸ್ತ್ರಿ ಅಣಕಿಸಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದ. ಕೊನೆಗೆ ಅವನೂ ಹಾಕಿದ. ಕಾತ್ಯಾಯಿನಮ್ಮ, ನಾನು ತಿನ್ನುವಂತಿಲ್ಲ, ಶಾಸ್ತ್ರಕ್ಕೆ ಒಂದು ಹಿಡಿ ಅಂತ ಹಾಕಿದರು. ಮೇಸ್ತ್ರಿ ನಗುತ್ತಾ ಎರಡು ಹಿಡಿ ಹಾಕಿದ. ಎಲ್ಲರೂ ಹಾಕಿದ ಮೇಲೆ ಮಂಜರಿ ಬಂದಳು. ಮುಷ್ಟಿಯನ್ನು ಕೊಪ್ಪರಿಗೆಯ ಮೇಲೆ ಹಿಡಿದು ಬಿಚ್ಚಿದಳು. ಅಕ್ಕಿ ನೀರಿಗೆ ಬಿದ್ದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಕುದಿ ಬಂತು. ನಾನು ಮುಚ್ಚಳವನ್ನು ಪೂರ್ತಿ ತೆಗೆದೆ. ಮೊದಲು ಬಂದದ್ದು ಒಂದಲ್ಲ, ಹತ್ತಾರು ದನಿ, ಎಲ್ಲವೂ ಒಂದೇ ಮಾತು. “ಟೀ ಬರೀ ಬಿಸಿನೀರು.” ಅಂಗಳ ಬಿದ್ದು ಬಿದ್ದು ನಕ್ಕಿತು. ಕಾತ್ಯಾಯಿನಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಾಳೆಯಿಂದ ಹಾಲು ಹೆಚ್ಚು ಹಾಕಿಸುತ್ತೇನೆ ಅಂದರು. ಅಷ್ಟರಲ್ಲಿ ಅವರದೇ ದನಿ ಬಂತು, “ಹಾಳಾದ್ದು ಚಪಾತಿ, ನನಗೂ ಅನ್ನ ಬೇಕು.” ಆಗಂತೂ ಗೌರಕ್ಕ ನೆಲಕ್ಕೆ ಕೂತುಬಿಟ್ಟಳು. ಯಾರದ್ದೋ ಸಂಬಳದ ರಜೆಯ ಮಾತು ಬಂತು, ಯಾರೋ ಯಾರದ್ದೋ ಬುತ್ತಿಯ ಉಪ್ಪಿನಕಾಯಿಗೆ ಆಸೆಪಟ್ಟದ್ದು ಬಂತು.

ಆಮೇಲೆ ಕುದಿ ಏರಿತು. ಗೌರಕ್ಕನ ದನಿ, “ದಾರಿ ಬಿಡಿ ಮೇಸ್ತ್ರಿ.” ಸಾವಂತ್ರಿಯ ದನಿ, “ಕೈ ತೆಗೀರಿ.” ಹಿಂದಿನ ದಿನ ಅವಳಿಗೂ ಹಾಗೇ ಆಗಿತ್ತು ಅನ್ನುವುದು ನಮಗೆ ಅಂದೇ ಗೊತ್ತಾದದ್ದು. ಇನ್ನೊಬ್ಬಳದು, ಮತ್ತೊಬ್ಬಳದು, ಕೈ ತೆಗೀರಿ, ಕೈ ತೆಗೀರಿ. ನಡುವೆ ಈರಣ್ಣನ ದನಿ ಬಂತು. ಅದೂ ಅವನಂತೆಯೇ ತಡವರಿಸುತ್ತಾ ಬಂತು. “ನ-ನನ್ನ ಮಾತು ಮು-ಮುಗಿಸೋಕೆ ಬಿಡಿ.” ಕೊಪ್ಪರಿಗೆಗೆ ಅವಸರವಿರಲಿಲ್ಲ, ನಮಗೂ ಇರಲಿಲ್ಲ. ಅಷ್ಟೂ ಜನ ಅವನ ಮಾತು ಮುಗಿಯುವವರೆಗೆ ಕಾದರು. ಕೊನೆಗೆ ಮಂಜರಿಯದು. ಎಲ್ಲರದಕ್ಕಿಂತ ಸ್ಪಷ್ಟ, ಎಲ್ಲರದಕ್ಕಿಂತ ಮೆಲ್ಲಗೆ. “ಕೈ ತೆಗೀರಿ.” ಅದನ್ನು ಯಾರಿಗೆ ಹೇಳಬೇಕಿತ್ತೋ ಅವನು ಎದುರಿಗೇ ನಿಂತಿದ್ದ.

ಅನ್ನ ಸುಮ್ಮನಾಯಿತು. ಜನವೂ ಸುಮ್ಮನಾದರು. ಎಲ್ಲರ ಕಣ್ಣು ಊಟಕ್ಕೆ ಹಾಸಿದ್ದ ಎಲೆಗಳ ಮೇಲೆ. ಸೌಟು ಹಿಡಿದಿದ್ದ ಕಾತ್ಯಾಯಿನಮ್ಮನ ಮುಖ ಬಿಳಿಚಿಕೊಂಡಿತ್ತು. ಕೇಳಬೇಕೆಂದು ಒಂದು ಹೆಜ್ಜೆ ಮುಂದಿಟ್ಟವರು ಅಲ್ಲೇ ನಿಂತರು. ಅನ್ನ ಆಡಿದ್ದರ ಬಗ್ಗೆ ಕೇಳಬಾರದಲ್ಲ, ಅಜ್ಜಿಯರ ಕಾಲದ ಮರ್ಯಾದೆ. ಮೇಸ್ತ್ರಿಗೆ ಅದು ಚೆನ್ನಾಗಿ ಗೊತ್ತಿತ್ತು. “ಬಸೀರಮ್ಮ, ಅನ್ನ ಮೆತ್ತಗಾಗುತ್ತೆ,” ಅಂದ ನನ್ನ ಕಡೆ ತಿರುಗಿ. ನಗುತ್ತಲೇ ಇದ್ದ.

ಮುಂದೆ ಆದದ್ದು ಈಗ ಊರಿಗೆಲ್ಲ ಗೊತ್ತು. ಕಾತ್ಯಾಯಿನಮ್ಮ ಹೇಳಬೇಕೆನ್ನುವ ಒಬ್ಬೊಬ್ಬರನ್ನೂ ಬೇರೆಯಾಗಿ, ಅವರಿಗೆ ಬೇಕಾದವರನ್ನು ಜೊತೆಗೆ ಕೂರಿಸಿಕೊಂಡು ಕೇಳಿದರು, ಮೇಸ್ತ್ರಿಯ ಮಾತನ್ನೂ ಪೂರ್ತಿ ಕೇಳಿದರು. ಅವನು ಎಲ್ಲಾ ತಮಾಷೆಗೆ ಮಾಡಿದ್ದು ಅಂದ, ಮಗಳಂಥವರು ಅಂದ. ತಮಾಷೆಯಾದರೆ ಅವರಿಗೂ ನಗು ಬರಬೇಕಿತ್ತಲ್ಲ ಅಂದರಂತೆ ಕಾತ್ಯಾಯಿನಮ್ಮ. ಅವನು ಕಾರ್ಖಾನೆ ಬಿಟ್ಟ. ಗೌರಕ್ಕ ಈಗ ಮೇಸ್ತ್ರಿ, ಕತ್ತಲೆ ಕೋಣೆಯ ಬಾಗಿಲನ್ನು ತೆಗೆಸಿ ಕಿಟಕಿ ಇಡಿಸಿದ್ದಾಳೆ. ಯಾರ ಹತ್ತಿರ ಹೋಗಬೇಕು, ಹೇಳಿದವರ ಕೆಲಸಕ್ಕೆ ಏನೂ ಆಗದಂತೆ ಯಾರು ನೋಡಿಕೊಳ್ಳಬೇಕು ಅನ್ನುವುದನ್ನು ಎಲ್ಲರೂ ಕೂತು ಮಾತಾಡಿ ಗೊತ್ತುಮಾಡಿಕೊಂಡಿದ್ದಾರೆ. ವಾರಕ್ಕೊಮ್ಮೆ ಅಂಗಳದಲ್ಲಿ ಅನ್ನ ಬೇಯುತ್ತದೆ. ಅದಕ್ಕೆ ಹೇಳಲು ಹೆಚ್ಚೇನೂ ಇರುವುದಿಲ್ಲ, ಜನ ಬಾಯಲ್ಲೇ ಹೇಳಿಬಿಟ್ಟಿರುತ್ತಾರೆ. ಕಾತ್ಯಾಯಿನಮ್ಮ ಡಾಕ್ಟರಿಗೆ ಗೊತ್ತಾಗದಂತೆ ಎರಡು ತುತ್ತು ತಿನ್ನುತ್ತಾರೆ. ನನ್ನ ಮಗಳು ಕಿಟಕಿಯ ಮೇಜಿನಲ್ಲಿ ಶ್ರುತಿಯಿಲ್ಲದೆ ಹಾಡುತ್ತಾಳೆ. ನಮ್ಮ ಮನೆಯವರು ಕೂಡ ಒಂದು ದಿನ ಧೈರ್ಯ ಮಾಡಿ ಉಪ್ಪಿನ ಮಾತನ್ನು ನನ್ನ ಮುಖಕ್ಕೇ ಹೇಳಿದರು.

ಆದರೆ ಇದೆಲ್ಲ ಆಮೇಲಿನದು. ಆ ಗಳಿಗೆಯಲ್ಲಿ ಅಂಗಳದಲ್ಲಿ ಏನೂ ಆಗಿರಲಿಲ್ಲ. ಕೊಡೆಗಳು ಗಾಳಿಗೆ ಸಣ್ಣಗೆ ತಿರುಗುತ್ತಿದ್ದವು. ಬಸಿಯುವ ಬಟ್ಟೆ ನನ್ನ ಕೈಯಲ್ಲಿತ್ತು. ಇನ್ನೊಂದು ಗಳಿಗೆ ಕಳೆದಿದ್ದರೆ ಯಾರಾದರೂ ಎಲೆಗೆ ನೀರು ಚಿಮುಕಿಸುತ್ತಿದ್ದರು, ಯಾರಾದರೂ ಉಪ್ಪು ಕೇಳುತ್ತಿದ್ದರು, ಊಟ ನಡೆದುಹೋಗುತ್ತಿತ್ತು. ಮಂಜರಿ ಮಳೆಗಾಲಕ್ಕೆ ಮನೆಯಲ್ಲಿರುತ್ತಿದ್ದಳು. ತುಳಸಿ ನೀಲಿ ನೆರಳಿನಿಂದ ಹೊರಗೆ ಬಂದು ನನ್ನ ಮುಂದೆ ನಿಂತಳು. ಬಾಯಿ ತೆರೆದು, ಎಂದಿನಂತೆ ನನ್ನ ಕಣ್ಣು ನೋಡಿದಳು. ನಾನು ಬೇಡ ಅನ್ನಲಿಲ್ಲ. ಅವಳಿಗೆ ನಂಬಿಕೆ ಬರಲಿ ಅಂತ ಬಟ್ಟೆಯನ್ನು ಕೆಳಗಿಟ್ಟು, ಮೊಣಕಾಲೂರಿ ಅವಳ ಎತ್ತರಕ್ಕೆ ಕುಳಿತೆ. ಅವಳು ನನ್ನನ್ನು ಬಿಟ್ಟು, ಅಲ್ಲಿದ್ದ ಅಷ್ಟೂ ದೊಡ್ಡವರ ಕಡೆ ತಿರುಗಿದಳು.

“ಅಷ್ಟು ಜನ ಕೈ ತೆಗೀರಿ ಅಂದ್ರಲ್ಲ, ಅದು ಯಾರ ಕೈ?”